ಜೂನ್ ಒಂದು

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ
ಹೆಡ್‌ಮಾಸ್ಟರು ಹುಟ್ಟಿದ ತಾರೀಖು ಕೇಳಿದರಂತೆ.
ತುಲಾ ಸಂಕ್ರಮಣದ ಮಾರನೇ ದಿನ, ಅಂದಳು ಅಮ್ಮ,
ತೀರ್ಥ ತರಲು ಹೋದವರು ಇನ್ನೂ ಬೆಟ್ಟ ಇಳಿದಿರಲಿಲ್ಲ.
ಮೇಷ್ಟ್ರು ನಕ್ಕು, ಮುಂದಿನ ವರ್ಷದ ಜೂನ್ ಒಂದು ಎಂದು ಬರೆದರು.
ಇರಲಿ ತಾಯೀ, ಸರ್ಕಾರಿ ಕೆಲಸ ಸಿಕ್ಕಿದರೆ
ಏಳೂವರೆ ತಿಂಗಳ ಸಂಬಳ ಜಾಸ್ತಿ.

ಆ ಸಂಬಳವನ್ನು ಈಗ ದುಡಿಯುತ್ತಿದ್ದೇನೆ
ನಾಪೋಕ್ಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ,
ಒಬ್ಬಳೇ.

ನವೆಂಬರಿನಲ್ಲಿ ಸುತ್ತೋಲೆ ಬಂತು.
ಐವತ್ತು ತುಂಬಿದವರೆಲ್ಲ ಹೋಗಬಹುದು, ಸ್ವಇಚ್ಛೆಯಿಂದ.
ಆ ಪದವನ್ನು ಬೋಪಯ್ಯ ಎರಡು ಸಲ ಗಟ್ಟಿಯಾಗಿ ಓದಿದರು,
ಮೂರು ತಿಂಗಳಿಂದ ಸಂಬಳ ಬಾರದ ಕೋಣೆಯಲ್ಲಿ.
ಎಲೆ ಹಾಕಿ, ಬಡಿಸದೆ,
ಮನಸ್ಸಿದ್ದರೆ ಏಳಿ ಅಂದ ಹಾಗಾಯ್ತು, ಎಂದರು ಫಿಲೋಮಿನಾ.

ಆಮೇಲೆ ಎಲ್ಲರೂ ಲೆಕ್ಕಕ್ಕೆ ಕೂತರು.
ಹಳೇ ಬಿಲ್ಲಿನ ಬೆನ್ನ ಮೇಲೆ
ಹೊನ್ನಪ್ಪ ಮಂಡಿಚಿಪ್ಪಿನ ಆಪರೇಷನ್ ಕಳೆದರು,
ಫಿಲೋಮಿನಾ ಸೊಸೈಟಿ ಸಾಲ ಕಳೆದು, ಒಂದು ಹಲ್ಲಿನ ಸೆಟ್ ಕಳೆದು,
ಉಳಿದದ್ದಕ್ಕೆ ಗೆರೆ ಎಳೆದು
ಯಾರಿಗೂ ತೋರಿಸದೆ ಮಡಚಿಟ್ಟರು.
ನಾನೂ ಕೂಡಿದೆ. ನಲವತ್ತೊಂಬತ್ತು ವರ್ಷ ಎಂಟು ತಿಂಗಳು.
ಏಳೂವರೆ ವರ್ಷದ ಶನಿಯನ್ನು ಕೇಳಿದ್ದೆ,
ಏಳೂವರೆ ತಿಂಗಳಿನದು ನನಗೇ ಮೊದಲು ಹಿಡಿದದ್ದು.

ಕೇಬಲ್ ಜಾಯಿಂಟರ್ ಮೊಯ್ದು ಮಾತ್ರ
ಕೊನೇ ದಿನದವರೆಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ರಾತ್ರಿ ಹತ್ತೂವರೆಗೆ ಮನೆಗೇ ಬಂದು
ಅರ್ಜಿಯ ಗುಂಡಿಯನ್ನು ನನ್ನ ಕೈಯಲ್ಲಿ ಒತ್ತಿಸಿದರು.
ನನ್ನ ಬೆರಳು ದಪ್ಪ, ತಪ್ಪಿ ಹೋದೀತು, ಅಂದರು.
ಕೂದಲೆಳೆಯಂಥ ಆರುನೂರು ತಂತಿಗಳನ್ನು
ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು
ಬಣ್ಣ ನೋಡಿ ಜೋಡಿ ಮಾಡಿದ ಬೆರಳು.

ಜನವರಿ ಕೊನೆಯ ವಾರ,
ಕಣ ಕಣದಲ್ಲೂ ಕಾಫಿ ಹರಡಿದ್ದಾಗ,
ಜೀಪಿನಲ್ಲಿ ನನ್ನ ಕೂರಿಸಿಕೊಂಡು ನೆಲ ತೋರಿಸಿದರು.
ಇಲ್ಲಿ ಒಂದು ಜಾಯಿಂಟು, ಮೂರಡಿ ಕೆಳಗೆ.
ಇಲ್ಲಿ ಆನೆ ಮುರಿದ ಕಂಬದ ಬುಡ, ಬಲಕ್ಕೆ ಹೋಗು.
ಕಕ್ಕಬ್ಬೆ ತಿರುವಿನ ಹಲಸಿನ ಮರ ಬಿಡಬೇಡ.
ನಕ್ಷೆ? ಮಡಿಕೇರಿಯಲ್ಲಿತ್ತು,
ಗೆದ್ದಲು ಓದಿ ಮುಗಿಸಿತು.
ನಾನು ಬರೆದುಕೊಂಡೆ. ಬರೆದದ್ದು ಒಂಬತ್ತು ಹಾಳೆಯಾಯಿತು.
ಅವರ ಮೂವತ್ತಮೂರು ವರ್ಷ.

ಮೂವತ್ತೊಂದನೇ ತಾರೀಖು ಹದಿಮೂರು ಹಾರ, ಒಂದೇ ಫೋಟೋ.
ತೆಗೆದವಳು ನಾನು, ಹಾಗಾಗಿ ಅದರಲ್ಲಿಲ್ಲ.
ಹದಿಮೂರು ಜನ ಕೊಟ್ಟ ಬೀಗದ ಕೈಗಳಲ್ಲಿ
ನಾಲ್ಕು ಯಾವ ಬಾಗಿಲಿನವೋ ಇನ್ನೂ ಗೊತ್ತಾಗಿಲ್ಲ.

ಮೇ ಕೊನೆಯ ಗುಡುಗಿಗೆ ಕಕ್ಕಬ್ಬೆ ಸಾಲು ಸತ್ತಿತು.
ಆಸ್ಪತ್ರೆಯಿಂದ ನರ್ಸು, ಎಸ್ಟೇಟಿನ ರೈಟರು, ಪೊಲೀಸು,
ಎಲ್ಲರೂ ಮೊಬೈಲಿನಲ್ಲಿ ನನಗೇ ಬೈದರು.
ಗುತ್ತಿಗೆದಾರನ ಹುಡುಗರು ನನ್ನ ಹಾಳೆ ಹಿಡಿದು
ಐದು ಕಡೆ ಅಗೆದರು. ಹಲಸಿನ ಮರವೇ ಇರಲಿಲ್ಲ,
ಯಾರೋ ಕಡಿದು ಬಾಗಿಲು ಮಾಡಿಸಿದ್ದರು.

ಜೂನ್ ಒಂದಕ್ಕೆ ಮೊಯ್ದು ಬಂದರು,
ಗುತ್ತಿಗೆದಾರನ ದಿನಗೂಲಿಯಲ್ಲಿ, ಅದೇ ಚೀಲ ಹೆಗಲಿಗೆ.
ಹೊರಗಿನವರು ಬಂದರೆ ಪುಸ್ತಕದಲ್ಲಿ ಬರೆಯಬೇಕು.
ಬರೆಯಲು ಹೇಳುವಾಗ ನಾನು ಕಿಟಕಿ ನೋಡಿದೆ.
ಅವರು ಬರೆದರು. ಬಂದ ಕಾರಣ: ಜಾಯಿಂಟು.
ತಾರೀಖು ಎಷ್ಟಮ್ಮಾ?
ಒಂದು. ಇವತ್ತು ನನ್ನ ಹುಟ್ಟಿದ ದಿನ.
ಹೌದಾ?
ದಾಖಲೆಯಲ್ಲಿ.

ಇಲ್ಲದ ಮರವನ್ನು ಅವರು ಹೆಜ್ಜೆ ಎಣಿಸಿ ಹುಡುಕಿದರಂತೆ.
ಸಂಜೆ ಐದಕ್ಕೆ, ಮೇಜಿನ ಮೇಲೆ,
ಹತ್ತು ದಿನದ ಮೇಲೆ, ಫೋನು ಹೊಡೆಯಿತು.
ಗುಂಡಿಯೊಳಗಿಂದ, ಮಣ್ಣಿನ ದನಿಯಲ್ಲಿ,
ಎಕ್ಸ್‌ಚೇಂಜಾ? ಎಂದರು ಹಳೇ ಅಭ್ಯಾಸದಂತೆ.
ಹೌದು, ಎಂದೆ.
ಇನ್ನೇನು ಹೇಳಬೇಕೋ ಇಬ್ಬರಿಗೂ ತಿಳಿಯದೆ
ಲೈನು ಸ್ವಲ್ಪ ಹೊತ್ತು ಹಾಗೇ ಇತ್ತು,
ಗೊರಗೊರ ಇಲ್ಲದೆ.